ಗರ್ಭದ ಹಿಮೋಗ್ಲೋಬಿನ್: 30 ಮಿಲಿಮೀಟರ್‌ನಿಂದ 18 ಕೋಟಿ ರೂಪಾಯಿವರೆಗೆ

ಆರೋಗ್ಯವಂತ ವಯಸ್ಕರ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 95 ಮಿಲಿಮೀಟರ್ ಪಾದರಸ. ಗರ್ಭಸ್ಥ ಶಿಶುವಿಗೆ ದೊರೆಯುವ ರಕ್ತಗಳಲ್ಲೆಲ್ಲ ಹೆಚ್ಚು ಆಮ್ಲಜನಕವಿರುವುದು ಮಾಸಿನಿಂದ ಆಗಷ್ಟೇ ಹೊರಟು ಹೊಕ್ಕುಳಬಳ್ಳಿಯಲ್ಲಿ ಹರಿಯುವ ರಕ್ತದಲ್ಲಿ. ಅಲ್ಲಿಯೂ ಈ ಒತ್ತಡ 30ರ ಆಸುಪಾಸು. ಹೋಲಿಕೆಗೆ ಒಂದು ಅಳತೆ ಇದೆ. ಎವರೆಸ್ಟ್ ಏರಿದ ನಾಲ್ವರು ಆರೋಹಿಗಳ ರಕ್ತವನ್ನು 8,400 ಮೀಟರ್ ಎತ್ತರದಲ್ಲಿ ತೆಗೆದು ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಅವರ ಸರಾಸರಿ 24.6 ಮಿಲಿಮೀಟರ್. ಆರೋಹಿಗಳು ಆ ಎತ್ತರದಲ್ಲಿ ಗಂಟೆಗಳ ಲೆಕ್ಕದಲ್ಲಿ ಇರುತ್ತಾರೆ. ಶಿಶು ಅದಕ್ಕಿಂತ ತುಸುವೇ ಹೆಚ್ಚಿನ ಒತ್ತಡದಲ್ಲಿ ತಿಂಗಳುಗಟ್ಟಲೆ ಇದ್ದು, ಆ ಅವಧಿಯಲ್ಲೇ 3 ಕಿಲೋ ತೂಗುವಷ್ಟು ಬೆಳೆಯುತ್ತದೆ.

ಒತ್ತಡ ಮೂರನೇ ಒಂದು ಭಾಗ ಎಂದ ಮಾತ್ರಕ್ಕೆ ಆಮ್ಲಜನಕದ ಪ್ರಮಾಣವೂ ಮೂರನೇ ಒಂದು ಭಾಗವಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದಾಗ 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದಿಡುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂ, ಅದು ಶೇ 98ರಷ್ಟು ತುಂಬಿದೆ ಎಂದುಕೊಂಡರೆ 100 ಮಿಲಿಲೀಟರ್ ರಕ್ತದಲ್ಲಿ 15.8 ಮಿಲಿಲೀಟರ್ ಆಮ್ಲಜನಕವಿರುತ್ತದೆ. ದಿನ ತುಂಬಿದ ಶಿಶುವಿನ ಹಿಮೋಗ್ಲೋಬಿನ್ ಸುಮಾರು 16.5 ಗ್ರಾಂ, ಹೊಕ್ಕುಳಬಳ್ಳಿಯ ಅಭಿಧಮನಿಯಲ್ಲಿ ಅದು ತುಂಬಿರುವುದು ಶೇ 80ರಷ್ಟು. ಗುಣಿಸಿದರೆ 17.7 ಮಿಲಿಲೀಟರ್. ಒತ್ತಡ ಅಷ್ಟು ಕಡಿಮೆಯಿದ್ದೂ ಶಿಶುವಿನ ರಕ್ತ ತಾಯಿಯ ರಕ್ತಕ್ಕಿಂತ ಶೇ 12ರಷ್ಟು ಹೆಚ್ಚು ಆಮ್ಲಜನಕವನ್ನು ಹೊತ್ತಿರುತ್ತದೆ.

ಶೇ 80 ಎಂಬ ಅಂಕಿ ಬಂದದ್ದು ಹಿಮೋಗ್ಲೋಬಿನ್‌ನ ಜಾತಿಯಿಂದ. ವಯಸ್ಕರ ಹಿಮೋಗ್ಲೋಬಿನ್ ಅರ್ಧ ತುಂಬಲು ಸುಮಾರು 27 ಮಿಲಿಮೀಟರ್ ಒತ್ತಡ ಬೇಕು. ಗರ್ಭದ ಹಿಮೋಗ್ಲೋಬಿನ್‌ಗೆ 19ರಿಂದ 20 ಸಾಕು. 30 ಮಿಲಿಮೀಟರ್ ಒತ್ತಡದಲ್ಲಿ ವಯಸ್ಕರದು ಶೇ 57ರ ಹತ್ತಿರ ನಿಂತುಬಿಡುತ್ತದೆ. ಶಿಶುವಿನಲ್ಲಿ ವಯಸ್ಕರ ಹಿಮೋಗ್ಲೋಬಿನ್ನೇ ಇದ್ದಿದ್ದರೆ 17.7ರ ಜಾಗದಲ್ಲಿ 12.6 ಮಿಲಿಲೀಟರ್ ಮಾತ್ರ ಸಿಗುತ್ತಿತ್ತು, ಅಂದರೆ ಶೇ 29ರಷ್ಟು ಖೋತಾ. ಈ ಬರಹದ ಮುಂದಿನ ಹಲವು ಲೆಕ್ಕಗಳು ಒಂದಲ್ಲ ಒಂದು ಬಗೆಯಲ್ಲಿ ಈ ಶೇ 29ಕ್ಕೆ ಸಂಬಂಧಿಸಿದವು.

ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ. ವಯಸ್ಕರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಗರ್ಭದಲ್ಲಿ ಎರಡು ಆಲ್ಫಾ, ಎರಡು ಗಾಮಾ. ಬೀಟಾ ಮತ್ತು ಗಾಮಾ ಎರಡರಲ್ಲೂ 146 ಅಮೈನೋ ಆಮ್ಲಗಳಿದ್ದು, 39 ಸ್ಥಾನಗಳಲ್ಲಿ ಮಾತ್ರ ವ್ಯತ್ಯಾಸವಿದೆ. ಆ 39ರಲ್ಲಿ ಇಲ್ಲಿ ಮುಖ್ಯವಾದದ್ದು 143ನೆಯ ಸ್ಥಾನ. ಕೆಂಪು ಕಣದೊಳಗೆ 2,3-ಬಿಪಿಜಿ ಎಂಬ ಫಾಸ್ಫೇಟ್ ಅಣುವಿದೆ. ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡಾಗ ಆಮ್ಲಜನಕದ ಮೇಲಿನ ಹಿಡಿತ ಸಡಿಲಗೊಳ್ಳುತ್ತದೆ. ಬೀಟಾದ 143ರಲ್ಲಿರುವ ಹಿಸ್ಟಿಡಿನ್ ಈ ಅಣುವಿಗೆ ಹಿಡಿ ಕೊಡುತ್ತದೆ. ಗಾಮಾದಲ್ಲಿ ಅದೇ ಸ್ಥಾನದಲ್ಲಿರುವ ಸೆರಿನ್ ಕೊಡುವುದಿಲ್ಲ.

ಕಡಿಮೆ ಒತ್ತಡವನ್ನು ನಿಭಾಯಿಸಲು ಶಿಶುವಿಗಿರುವ ಎರಡನೆಯ ಸಾಧನ ಹರಿವು. ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. 60 ಕಿಲೋ ದೇಹಕ್ಕೆ ಹಂಚಿದರೆ ಕಿಲೋಗೆ 83 ಮಿಲಿಲೀಟರ್. ಗರ್ಭಸ್ಥ ಶಿಶುವಿನ ಎರಡೂ ಹೃತ್ಕುಕ್ಷಿಗಳು ಸೇರಿ ನಿಮಿಷಕ್ಕೆ ಕಿಲೋಗೆ 400 ಮಿಲಿಲೀಟರ್‌ಗೂ ಹೆಚ್ಚು ತಳ್ಳುತ್ತವೆ, ಅಂದರೆ ಸುಮಾರು ಐದು ಪಟ್ಟು. ಹೃದಯದ ಬಡಿತ ನಿಮಿಷಕ್ಕೆ 110ರಿಂದ 160. ತಾಯಿಯ ಕಡೆಯಿಂದಲೂ ಹರಿವು ಏರುತ್ತದೆ. ಗರ್ಭಕೋಶಕ್ಕೆ ಬರುವ ರಕ್ತ ಗರ್ಭಧಾರಣೆಗೆ ಮುಂಚೆ ನಿಮಿಷಕ್ಕೆ 50 ಮಿಲಿಲೀಟರ್‌ನಷ್ಟಿದ್ದು, ದಿನ ತುಂಬುವ ಹೊತ್ತಿಗೆ 500ರಿಂದ 700 ಮಿಲಿಲೀಟರ್ ಮುಟ್ಟುತ್ತದೆ. ಈ ಎರಡು ಹರಿವುಗಳು ಎದುರಾಗುವ ಮಾಸಿನ ತೂಕ ಸುಮಾರು ಅರ್ಧ ಕಿಲೋ. ಅದರ ಕುಚ್ಚುಗಳ ಒಟ್ಟು ಮೇಲ್ಮೈ 10 ಚದರ ಮೀಟರ್ ದಾಟುತ್ತದೆ.

ಮೂರನೆಯದು ಹಾದಿ. ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳಗಳಿವೆ: ಆಮ್ಲಜನಕ ತರುವ ಒಂದು ಅಭಿಧಮನಿ, ಖರ್ಚಾದ ರಕ್ತವನ್ನು ಮಾಸಿಗೆ ಮರಳಿಸುವ ಎರಡು ಅಪಧಮನಿ. ದೇಹದೊಳಗೆ ಮೂರು ಅಡ್ಡದಾರಿಗಳಿವೆ. ಡಕ್ಟಸ್ ವೆನೋಸಸ್ ಯಕೃತ್ತನ್ನು ತಪ್ಪಿಸಿ ಹೃದಯದತ್ತ ಸಾಗುತ್ತದೆ. ಫೋರಮೆನ್ ಓವೇಲ್ ಬಲ ಮತ್ತು ಎಡ ಹೃತ್ಕರ್ಣಗಳ ನಡುವಿನ ರಂಧ್ರ. ಡಕ್ಟಸ್ ಆರ್ಟೀರಿಯೋಸಸ್ ಶ್ವಾಸಕೋಶದ ಅಪಧಮನಿಯಿಂದ ನೇರವಾಗಿ ಮಹಾಪಧಮನಿಗೆ ಹೋಗುವ ನಾಳ. ಯಕೃತ್ತನ್ನು ತಪ್ಪಿಸಿ ಬಂದ ಹೆಚ್ಚು ಆಮ್ಲಜನಕದ ರಕ್ತ ರಂಧ್ರ ದಾಟಿ ಎಡಕ್ಕೆ ಹೋಗಿ, ಮೊದಲು ಹೃದಯದ ಸ್ನಾಯು ಮತ್ತು ಮೆದುಳನ್ನು ತಲಪುತ್ತದೆ. ದೇಹದ ಕೆಳಭಾಗಕ್ಕೆ ಸಿಗುವುದು ಅದಕ್ಕಿಂತ ಕಡಿಮೆ ಆಮ್ಲಜನಕದ ರಕ್ತ.

ಈ ಹಾದಿಗಳಲ್ಲಿ ಎಷ್ಟೆಷ್ಟು ರಕ್ತ ಹರಿಯುತ್ತದೆ ಎಂಬ ಬಗ್ಗೆ ಹಲವು ಪಠ್ಯಗಳಲ್ಲಿರುವ ಅಂಕಿಗಳು ಕುರಿಯ ಭ್ರೂಣದ ಮೇಲೆ ನಡೆದ ಅಳತೆಗಳಿಂದ ಬಂದವು. ಕುರಿಯಲ್ಲಿ ಹೊಕ್ಕುಳಬಳ್ಳಿಯ ರಕ್ತದ ಸುಮಾರು ಶೇ 50 ಡಕ್ಟಸ್ ವೆನೋಸಸ್ ಮೂಲಕ ಹೋಗುತ್ತದೆ. ಮನುಷ್ಯರಲ್ಲಿ ಅಲ್ಟ್ರಾಸೌಂಡ್ ಅಳತೆಗಳ ಪ್ರಕಾರ ಅದು 20ನೇ ವಾರದಲ್ಲಿ ಶೇ 30ರಷ್ಟು, 32ನೇ ವಾರದ ನಂತರ ಶೇ 20ರಷ್ಟು. ಎರಡೂ ಹೃತ್ಕುಕ್ಷಿಗಳು ತಳ್ಳುವ ಒಟ್ಟು ರಕ್ತದಲ್ಲಿ ಮಾಸಿಗೆ ಹೋಗುವ ಪಾಲು ಕುರಿಯಲ್ಲಿ ಶೇ 40ರಿಂದ 45. ಮನುಷ್ಯರಲ್ಲಿ 20ನೇ ವಾರಕ್ಕೆ ಮೂರನೇ ಒಂದು, 32ರ ನಂತರ ಐದನೇ ಒಂದು. ಶ್ವಾಸಕೋಶದ ಪಾಲು ಕುರಿಯಲ್ಲಿ ಶೇ 10ರೊಳಗೆ. ಮನುಷ್ಯರಲ್ಲಿ 20ನೇ ವಾರಕ್ಕೆ ಶೇ 13ರಷ್ಟಿದ್ದು, 30ನೇ ವಾರದ ಹೊತ್ತಿಗೆ ಶೇ 20 ದಾಟುತ್ತದೆ. ಅಂದರೆ ಮನುಷ್ಯರ ಯಕೃತ್ತಿಗೆ ಕುರಿಯ ಅಂಕಿ ಸೂಚಿಸುವುದಕ್ಕಿಂತ ಹೆಚ್ಚು ರಕ್ತ ಸಿಗುತ್ತದೆ.

ದಾಸ್ತಾನಿನ ಲೆಕ್ಕ ಚಿಕ್ಕದು. ದಿನ ತುಂಬಿದ ಶಿಶುವಿನ ದೇಹದಲ್ಲಿ ಯಾವುದೇ ಕ್ಷಣದಲ್ಲಿರುವ ಆಮ್ಲಜನಕ ಸುಮಾರು 42 ಮಿಲಿಲೀಟರ್. ನಿಮಿಷದ ಬಳಕೆ ಸುಮಾರು 21. ಭಾಗಿಸಿದರೆ 2 ನಿಮಿಷ. ಹೆರಿಗೆಯ ವೇಳೆ ಹೊಕ್ಕುಳಬಳ್ಳಿ ಒತ್ತಿಹೋದರೆ ವೈದ್ಯರು ಅವಸರಪಡುವುದು ಇದಕ್ಕೇ. ರಕ್ತವನ್ನು ಮೆದುಳು, ಹೃದಯಗಳತ್ತ ತಿರುಗಿಸಿ, ಉಳಿದೆಡೆ ಬಳಕೆ ತಗ್ಗಿಸಿ ಶಿಶು ಈ ಅವಧಿಯನ್ನು ಕೆಲವು ನಿಮಿಷ ಹಿಗ್ಗಿಸಿಕೊಳ್ಳಬಲ್ಲದು.

ಹುಟ್ಟಿದ ಕೂಡಲೇ ಅಂಕಿಗಳು ಬದಲಾಗುತ್ತವೆ. ಮೊದಲ ಉಸಿರುಗಳೊಂದಿಗೆ ಶ್ವಾಸಕೋಶದ ರಕ್ತನಾಳಗಳು ಹಿಗ್ಗಿ ಅಲ್ಲಿನ ಹರಿವು 8ರಿಂದ 10 ಪಟ್ಟು ಏರುತ್ತದೆ. ಎಡ ಹೃತ್ಕರ್ಣದ ಒತ್ತಡ ಬಲಕ್ಕಿಂತ ಹೆಚ್ಚಾಗಿ ಫೋರಮೆನ್ ಓವೇಲ್‌ನ ಪರದೆ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಏರಿ, ಮಾಸಿನಿಂದ ಬರುತ್ತಿದ್ದ ಪ್ರೊಸ್ಟಾಗ್ಲಾಂಡಿನ್ ಇಳಿದು ಡಕ್ಟಸ್ ಆರ್ಟೀರಿಯೋಸಸ್ ಸಂಕುಚಿಸುತ್ತದೆ. ದಿನ ತುಂಬಿದ ಶಿಶುಗಳಲ್ಲಿ ಬಹುಪಾಲು 72 ಗಂಟೆಗಳೊಳಗೆ ಅದರಲ್ಲಿ ಹರಿವು ನಿಲ್ಲುತ್ತದೆ. ನಾಳ ಕಾಯಂ ಮುಚ್ಚಲು 2ರಿಂದ 3 ವಾರ ಬೇಕು.

ಮುಚ್ಚದೆ ಉಳಿಯುವುದೂ ಇದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 965 ಶವಪರೀಕ್ಷೆಗಳ ಆಧಾರದ ಮೇಲೆ 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 27.3 ಹೃದಯಗಳಲ್ಲಿ ಫೋರಮೆನ್ ಓವೇಲ್ ಪೂರ್ತಿ ಬೆಸೆದುಕೊಂಡಿರಲಿಲ್ಲ. 30 ವರ್ಷದೊಳಗಿನವರಲ್ಲಿ ಅದು ಶೇ 34.3, 80 ದಾಟಿದವರಲ್ಲಿ ಶೇ 20.2. ಇವರಲ್ಲಿ ಹೆಚ್ಚಿನವರಿಗೆ ಇದರಿಂದ ಜೀವಮಾನವಿಡೀ ಯಾವ ತೊಂದರೆಯೂ ಇರುವುದಿಲ್ಲ. ಜನ್ಮಜಾತ ಹೃದಯದೋಷದ ಲೆಕ್ಕ ಬೇರೆ: 1,000 ಜನನಗಳಿಗೆ 8ರಿಂದ 9. ಭಾರತದಲ್ಲಿ ವರ್ಷಕ್ಕೆ 2.3 ಕೋಟಿ ಜನನ ಎಂದು ಹಿಡಿದರೂ ಸುಮಾರು 2 ಲಕ್ಷ ಮಕ್ಕಳು. ಇದರಲ್ಲಿ ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಡಕ್ಟಸ್ ಆರ್ಟೀರಿಯೋಸಸ್ ತೆರೆದಿರುವವರೆಗೆ. ಅಂಥ ಮಗು ಮೊದಲ ದಿನ ಆರೋಗ್ಯವಾಗಿ ಕಂಡು, ನಾಳ ಮುಚ್ಚತೊಡಗಿದಂತೆ ಕುಸಿಯುತ್ತದೆ. ಕೈಗೂ ಕಾಲಿಗೂ ಆಕ್ಸಿಮೀಟರ್ ಹಿಡಿದು ಶೇ 95ಕ್ಕಿಂತ ಕಡಿಮೆ ಇದೆಯೇ ಎಂದು ನೋಡುವ ಪರೀಕ್ಷೆ ಇಂಥವರನ್ನು ಬೇಗ ಗುರುತಿಸಲು ನೆರವಾಗುತ್ತದೆ.

ಹೊಕ್ಕುಳಬಳ್ಳಿಯನ್ನು ಯಾವಾಗ ಕತ್ತರಿಸಬೇಕು ಎಂಬುದಕ್ಕೂ ಒಂದು ಅಂಕಿ ಇದೆ. ಮಗು ಹೊರಬಂದ ಮೊದಲ ಒಂದು ನಿಮಿಷದಲ್ಲಿ ಮಾಸಿನಿಂದ ಸುಮಾರು 80 ಮಿಲಿಲೀಟರ್ ರಕ್ತ ಮಗುವಿಗೆ ಸೇರುತ್ತದೆ. 100 ಮಿಲಿಲೀಟರ್‌ಗೆ 16.5 ಗ್ರಾಂ ಎಂಬ ಲೆಕ್ಕದಲ್ಲಿ ಅದರಲ್ಲಿ 13.2 ಗ್ರಾಂ ಹಿಮೋಗ್ಲೋಬಿನ್, ಗ್ರಾಂಗೆ 3.4 ಮಿಲಿಗ್ರಾಂನಂತೆ 45 ಮಿಲಿಗ್ರಾಂ ಕಬ್ಬಿಣ. 3 ಕಿಲೋ ಮಗುವಿನ ದೇಹದಲ್ಲಿರುವ ಒಟ್ಟು ಕಬ್ಬಿಣ ಸುಮಾರು 225 ಮಿಲಿಗ್ರಾಂ. ಒಂದು ನಿಮಿಷ ಕಾದರೆ ಅದರ ಶೇ 20ರಷ್ಟು ಕಬ್ಬಿಣ ಹೆಚ್ಚುವರಿಯಾಗಿ ಸಿಗುತ್ತದೆ, ವೆಚ್ಚ ಸೊನ್ನೆ. ಉಸಿರಾಟಕ್ಕೆ ತುರ್ತು ನೆರವು ಬೇಕಾದ ಮಗುವನ್ನು ಬಿಟ್ಟು ಉಳಿದವರಿಗೆ ಕನಿಷ್ಠ 1 ನಿಮಿಷ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು.

ಆ ಕಬ್ಬಿಣ ಬರುವುದು ತಾಯಿಯಿಂದ. ಒಂದು ಗರ್ಭಾವಸ್ಥೆಗೆ ಬೇಕಾದ ಹೆಚ್ಚುವರಿ ಕಬ್ಬಿಣ ಸುಮಾರು 1,000 ಮಿಲಿಗ್ರಾಂ. ಅದರಲ್ಲಿ 300 ಶಿಶು ಮತ್ತು ಮಾಸಿಗೆ, 500 ತಾಯಿಯ ಹೆಚ್ಚಿದ ಕೆಂಪು ಕಣಗಳಿಗೆ, ಉಳಿದದ್ದು ದಿನನಿತ್ಯದ ನಷ್ಟಕ್ಕೆ. ಸರ್ಕಾರಿ ಕಾರ್ಯಕ್ರಮದಲ್ಲಿ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು 180 ದಿನ ಕೊಡುತ್ತಾರೆ: ಒಟ್ಟು 10,800 ಮಿಲಿಗ್ರಾಂ. ಕರುಳು ಅದರ ಶೇ 10ರಷ್ಟನ್ನು ಹೀರಿಕೊಂಡರೂ 1,080 ಮಿಲಿಗ್ರಾಂ ಆಗುತ್ತದೆ, ಅಗತ್ಯಕ್ಕೆ ಸರಿಹೊಂದುತ್ತದೆ. ಕಾಗದದ ಮೇಲಿನ ಈ ಲೆಕ್ಕ ಮನೆಗಳಲ್ಲಿ ಪೂರೈಸುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 180 ದಿನ ಮಾತ್ರೆ ನುಂಗಿದ ತಾಯಂದಿರು ಶೇ 26. ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 14.4 ಇತ್ತು. ಮಾತ್ರೆ ನುಂಗುವವರ ಪ್ರಮಾಣ ಏರಿದ ಇದೇ ಅವಧಿಯಲ್ಲಿ ರಕ್ತಹೀನ ಗರ್ಭಿಣಿಯರ ಪ್ರಮಾಣವೂ ಶೇ 50.4ರಿಂದ 52.2ಕ್ಕೆ ಏರಿದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಒಟ್ಟು ಮಹಿಳೆಯರನ್ನು ತೆಗೆದುಕೊಂಡರೆ ಶೇ 44.8ರಿಂದ 47.8. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲೇ ಬರುವುದಿಲ್ಲ ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು. ಕೆಲವರದು ಜೀನ್‌ನಿಂದ ಬಂದದ್ದು.

ಜೀನ್‌ಗಳ ಲೆಕ್ಕ ಹೀಗಿದೆ. ಮನುಷ್ಯರ ಒಂದು ಸೆಟ್ ವಂಶಮಾಹಿತಿಯಲ್ಲಿ, ಅಂದರೆ 23 ವರ್ಣತಂತುಗಳಲ್ಲಿ, ಸುಮಾರು 305 ಕೋಟಿ ಡಿಎನ್‌ಎ ಅಕ್ಷರಗಳಿವೆ. ತಂದೆಯಿಂದ ಒಂದು ಸೆಟ್, ತಾಯಿಯಿಂದ ಒಂದು. ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಈ ಅಕ್ಷರಗಳನ್ನು ಓದುವ ವೆಚ್ಚದ ಇಳಿಕೆಯಷ್ಟು ಕಡಿದಾದ ಇಳಿಕೆ ಬೇರೆಡೆ ವಿರಳ. 1990ರಿಂದ 2003ರವರೆಗೆ ನಡೆದ ಮಾನವ ಜೀನೋಮ್ ಯೋಜನೆಗೆ 1991ರ ಬೆಲೆಯಲ್ಲಿ ಸುಮಾರು 270 ಕೋಟಿ ಡಾಲರ್ ಖರ್ಚಾಯಿತು. ಅಮೆರಿಕದ ರಾಷ್ಟ್ರೀಯ ಜೀನೋಮ್ ಸಂಶೋಧನಾ ಸಂಸ್ಥೆಯ ದಾಖಲೆಯಂತೆ ಒಬ್ಬರ ಜೀನೋಮ್ ಓದುವ ವೆಚ್ಚ 2001ರಲ್ಲಿ 9.5 ಕೋಟಿ ಡಾಲರ್, 2022ರಲ್ಲಿ ಸುಮಾರು 500 ಡಾಲರ್. 21 ವರ್ಷಗಳಲ್ಲಿ 1.9 ಲಕ್ಷ ಪಟ್ಟು ಇಳಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ, 83 ಸಮುದಾಯಗಳ 10,000 ಜನರ ಜೀನೋಮ್ ಓದಿ 2025ರ ಜನವರಿ 9ರಂದು ದತ್ತಾಂಶವನ್ನು ಬಿಡುಗಡೆ ಮಾಡಲು ಸಾಧ್ಯವಾದದ್ದು ಈ ಇಳಿಕೆಯಿಂದ.

ಪ್ರತಿ ಮಗುವೂ ತಂದೆತಾಯಿಯರಲ್ಲಿ ಇಲ್ಲದ ಕೆಲವು ಹೊಸ ಬದಲಾವಣೆಗಳೊಂದಿಗೆ ಹುಟ್ಟುತ್ತದೆ: ಸರಾಸರಿ 60ರಿಂದ 70. ಐಸ್‌ಲ್ಯಾಂಡಿನಲ್ಲಿ 1,548 ತಂದೆ-ತಾಯಿ-ಮಗು ಗುಂಪುಗಳನ್ನು ಓದಿದ 2017ರ ಅಧ್ಯಯನದಂತೆ ತಂದೆಯ ವಯಸ್ಸಿನ ಪ್ರತಿ ವರ್ಷಕ್ಕೆ 1.51, ತಾಯಿಯ ಪ್ರತಿ ವರ್ಷಕ್ಕೆ 0.37 ಬದಲಾವಣೆಗಳು ಸೇರುತ್ತವೆ. ತಾಯಿಯ ವಯಸ್ಸಿನ ಪರಿಣಾಮ ಎದ್ದು ಕಾಣುವುದು ಬೇರೆಡೆ, ವರ್ಣತಂತುಗಳ ಎಣಿಕೆಯಲ್ಲಿ. 21ನೇ ವರ್ಣತಂತು ಎರಡರ ಬದಲು ಮೂರಾಗಿ ಬರುವ ಡೌನ್ ಸಿಂಡ್ರೋಮ್‌ನ ಸಾಧ್ಯತೆ 20ರ ವಯಸ್ಸಿನ ತಾಯಿಗೆ ಸುಮಾರು 1,500ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು.

ತಾಯಿಯ ರಕ್ತವೂ ಶಿಶುವಿನ ರಕ್ತವೂ ಮಾಸಿನಲ್ಲಿ ಬೆರೆಯುವುದಿಲ್ಲ. ಆದರೆ ಡಿಎನ್‌ಎ ಚೂರುಗಳು ದಾಟುತ್ತವೆ. ಇದನ್ನು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಗರ್ಭಿಣಿಯ ರಕ್ತದ್ರವದಲ್ಲಿ ತೇಲುವ ಡಿಎನ್‌ಎಯಲ್ಲಿ 10ನೇ ವಾರದ ನಂತರ ಶೇ 10ರಷ್ಟು ಮಾಸಿನಿಂದ ಬಂದದ್ದಿರುತ್ತದೆ. ಅದು ಶೇ 4ಕ್ಕಿಂತ ಕಡಿಮೆಯಿದ್ದರೆ ಪರೀಕ್ಷೆಯ ಫಲಿತಾಂಶವನ್ನು ನೆಚ್ಚಲಾಗದು. ಡೌನ್ ಸಿಂಡ್ರೋಮ್‌ನ ಸಾಧ್ಯತೆ ತಿಳಿಯಲು ಈಗ ಬಳಕೆಯಲ್ಲಿರುವ ರಕ್ತಪರೀಕ್ಷೆ ನಿಂತಿರುವುದು ಈ ಶೇ 10ರ ಮೇಲೆ. ಅದೇ ಚೂರುಗಳು ಶಿಶುವಿನ ಲಿಂಗವನ್ನೂ ಹೇಳಬಲ್ಲವು. ಭಾರತದಲ್ಲಿ ಅದನ್ನು ತಿಳಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಈಗ ಹಿಮೋಗ್ಲೋಬಿನ್‌ನ ಜೀನ್‌ಗಳಿಗೆ ಬರಬಹುದು. 11ನೇ ವರ್ಣತಂತುವಿನಲ್ಲಿ ಸುಮಾರು 50 ಸಾವಿರ ಅಕ್ಷರಗಳ ಉದ್ದದೊಳಗೆ ಐದು ಜೀನ್‌ಗಳು ಸಾಲಾಗಿವೆ: ಒಂದು ಎಪ್ಸಿಲಾನ್, ಎರಡು ಗಾಮಾ, ಒಂದು ಡೆಲ್ಟಾ, ಒಂದು ಬೀಟಾ. ಭ್ರೂಣದ ಆರಂಭದ ವಾರಗಳಲ್ಲಿ ಮೊದಲನೆಯದು, ಆಮೇಲೆ ಗಾಮಾ, ಜನನದ ಆಸುಪಾಸಿನಲ್ಲಿ ಬೀಟಾ, ಹೀಗೆ ಸಾಲಿನ ಕ್ರಮದಲ್ಲೇ ಕೆಲಸ ಮಾಡುತ್ತವೆ. ಹುಟ್ಟಿದಾಗ ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಗರ್ಭದ ಬಗೆ ಶೇ 60ರಿಂದ 80. ವರ್ಷ ತುಂಬುವ ಹೊತ್ತಿಗೆ ಶೇ 2ರ ಹತ್ತಿರ, ವಯಸ್ಕರಲ್ಲಿ ಶೇ 1ಕ್ಕಿಂತ ಕಡಿಮೆ. ಗಾಮಾ ಜೀನ್‌ಗಳು ಅಳಿಯುವುದಿಲ್ಲ; ಓದಲ್ಪಡುವುದು ನಿಲ್ಲುತ್ತದೆ. ಅವುಗಳನ್ನು ಅದುಮಿಡುವುದರಲ್ಲಿ 2ನೇ ವರ್ಣತಂತುವಿನ ಬಿಸಿಎಲ್11ಎ ಎಂಬ ಜೀನ್‌ನ ಪಾತ್ರ ದೊಡ್ಡದೆಂದು 2008ರಲ್ಲಿ ಸ್ಪಷ್ಟವಾಯಿತು.

ಬೀಟಾ ಜೀನ್‌ನ ಒಂದೇ ಒಂದು ಅಕ್ಷರ, ಎ ಇರಬೇಕಾದಲ್ಲಿ ಟಿ, ಬದಲಾದರೆ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ. 305 ಕೋಟಿಯಲ್ಲಿ ಒಂದು. ಇಬ್ಬರೂ ಪಾಲಕರಿಂದ ಈ ರೂಪ ಬಂದರೆ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕೆಂಪು ಕಣ ಕುಡಗೋಲಿನಂತೆ ಬಾಗುತ್ತದೆ. ಸಹಜ ಕಣದ ಆಯುಸ್ಸು 120 ದಿನ; ಇದರದು 10ರಿಂದ 20. ಸಣ್ಣ ರಕ್ತನಾಳಗಳಲ್ಲಿ ಇವು ಸಿಲುಕಿದಾಗ ಬರುವ ತೀವ್ರ ನೋವಿನ ಸರದಿಗಳೇ ಕುಡಗೋಲು ಕಣ ರೋಗದ, ಅಂದರೆ ಸಿಕಲ್ ಸೆಲ್ ಕಾಯಿಲೆಯ, ಮುಖ್ಯ ಲಕ್ಷಣ. ಒಬ್ಬ ಪಾಲಕರಿಂದ ಮಾತ್ರ ಬಂದರೆ ವ್ಯಕ್ತಿ ವಾಹಕ. ವಾಹಕರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ತೀವ್ರ ಫ್ಯಾಲ್ಸಿಪೇರಂ ಮಲೇರಿಯಾದಿಂದ ಶೇ 90ರಷ್ಟು ರಕ್ಷಣೆಯೂ ಉಂಟು. ಈ ಜೀನ್ ಅಳಿಯದೆ ಉಳಿದದ್ದು ಆ ಶೇ 90ರಿಂದಾಗಿ.

1948ರಲ್ಲಿ ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ಅಂಶವನ್ನು ಗಮನಿಸಿದರು. ರೋಗದ ಜೀನ್ ಇರುವ ನವಜಾತ ಶಿಶುಗಳ ಕಣಗಳು ತೀರಾ ಕಡಿಮೆ ಬಾಗುತ್ತಿದ್ದವು. ಕಾರಣ ಗರ್ಭದ ಹಿಮೋಗ್ಲೋಬಿನ್ ಎಂದು ಅವರು ಊಹಿಸಿದರು, ಅದು ಸರಿಯಾಗಿತ್ತು. ಗಾಮಾ ಸರಪಳಿ ಇರುವ ಅಣು ಆ ಹೆಣಿಗೆಯೊಳಗೆ ಸೇರುವುದಿಲ್ಲ. ಆಮ್ಲಜನಕ ಹಿಡಿಯಲೆಂದು ಇದ್ದ ಅಣು ಹುಟ್ಟಿದ ಮೇಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಆದರೆ ತಿಂಗಳುಗಳ ಮಟ್ಟಿಗೆ. ಅದು ಇಳಿಯುತ್ತಿದ್ದಂತೆ, ಸಾಮಾನ್ಯವಾಗಿ 6 ತಿಂಗಳು ದಾಟಿದ ಮೇಲೆ, ಲಕ್ಷಣಗಳು ಶುರುವಾಗುತ್ತವೆ.

ಭಾರತದಲ್ಲಿ ಈ ಜೀನ್ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ವರದಿ ಮಾಡಿದವರು ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಶ್. ಅಲ್ಲಿಂದ ಗಡಿಯಾಚೆ ಚಾಮರಾಜನಗರ, ಮೈಸೂರು, ಕೊಡಗು ಸೀಮೆಯ ಸೋಲಿಗ, ಜೇನು ಕುರುಬ ಮುಂತಾದ ಸಮುದಾಯಗಳಲ್ಲೂ ಇದಿದೆ. ಭಾರತದಲ್ಲಿ ಸಾಮಾನ್ಯವಾದ ಅರಬ್-ಭಾರತೀಯ ಬಗೆಯಲ್ಲಿ ರೋಗಿಗಳ ಗರ್ಭದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಶೇ 15ರಿಂದ 20ರವರೆಗೆ ಉಳಿಯುವುದುಂಟು. ಆಫ್ರಿಕದ ಬಗೆಗಳಲ್ಲಿ ಅದು ಹೆಚ್ಚಾಗಿ ಶೇ 10ರೊಳಗೆ. ಇಲ್ಲಿನ ಹಲವರ ರೋಗ ಅಷ್ಟು ತೀವ್ರವಲ್ಲದಿರಲು ಇದು ಒಂದು ಕಾರಣ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ಈ ರೋಗದ ವಿರುದ್ಧದ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. 2025ರ ಜುಲೈ ವೇಳೆಗೆ ಪರೀಕ್ಷೆಯಾದವರು 6.04 ಕೋಟಿ, ರೋಗಿಗಳೆಂದು ಗುರುತಿಸಲಾದವರು 2.15 ಲಕ್ಷ, ವಾಹಕರು 16.7 ಲಕ್ಷ. ಶೇಕಡಾವಾರು 0.36 ಮತ್ತು 2.76. ರೋಗಿಗಳಲ್ಲಿ ಶೇ 95ರಷ್ಟು ಒಡಿಶಾ, ಮಧ್ಯಪ್ರದೇಶ, ಗುಜರಾತ್, ಛತ್ತೀಸಗಡ, ಮಹಾರಾಷ್ಟ್ರ ಈ ಐದು ರಾಜ್ಯಗಳವರು.

0.36 ಮತ್ತು 2.76 ಎಂಬ ಎರಡು ಶೇಕಡಾಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕಾಣುತ್ತದೆ. 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಬೇರೆಬೇರೆಯಾಗಿ ಕೊಟ್ಟ ನಿಯಮದಂತೆ, ಜನ ಯಾರು ಯಾರನ್ನಾದರೂ ಮದುವೆಯಾಗುವ ಸಮಾಜದಲ್ಲಿ ಜೀನ್‌ನ ಪ್ರಮಾಣದ ವರ್ಗವೇ ರೋಗಿಗಳ ಪ್ರಮಾಣ. ಪ್ರತಿ ರೋಗಿಯಲ್ಲಿ 2, ಪ್ರತಿ ವಾಹಕರಲ್ಲಿ 1 ಎಂದು ಎಣಿಸಿದರೆ ಒಟ್ಟು 21 ಲಕ್ಷ ಕುಡಗೋಲು ಜೀನ್‌ಗಳು. ಪರೀಕ್ಷೆಗೆ ಒಳಗಾದವರ ಒಟ್ಟು ಬೀಟಾ ಜೀನ್‌ಗಳು 12.08 ಕೋಟಿ. ಪ್ರಮಾಣ ಶೇ 1.74. ಅದರ ವರ್ಗ ಶೇ 0.03, ಅಂದರೆ 6.04 ಕೋಟಿಯಲ್ಲಿ ಸುಮಾರು 18 ಸಾವಿರ ರೋಗಿಗಳು. ಸಿಕ್ಕವರು 2.15 ಲಕ್ಷ, ಸುಮಾರು 12 ಪಟ್ಟು. ಲೆಕ್ಕ ತಪ್ಪಿಲ್ಲ, ಆಧಾರದ ಊಹೆ ತಪ್ಪು: ಆ 6 ಕೋಟಿ ಒಂದೇ ಸಮಾಜವಲ್ಲ. ಜೀನ್ ಕೆಲವು ಸಮುದಾಯಗಳಲ್ಲಿ ದಟ್ಟವಾಗಿದೆ, ಉಳಿದವುಗಳಲ್ಲಿ ವಿರಳ ಅಥವಾ ಇಲ್ಲವೇ ಇಲ್ಲ, ಮದುವೆಗಳು ಹೆಚ್ಚಾಗಿ ಸಮುದಾಯದೊಳಗೇ ನಡೆಯುತ್ತವೆ. ಮೊದಲೇ ಗೊತ್ತಿದ್ದ ರೋಗಿಗಳೂ ಎಣಿಕೆಗೆ ಸೇರಿರುವ ಸಾಧ್ಯತೆ ಇದೆ. 12 ಪಟ್ಟಿನಲ್ಲಿ ಅದರ ಪಾಲು ಎಷ್ಟೆಂದು ಈ ಅಂಕಿಗಳಿಂದ ಬಿಡಿಸಲಾಗದು. ರಾಷ್ಟ್ರೀಯ ಸರಾಸರಿ ಇಲ್ಲಿ ಯಾವ ಬುಡಕಟ್ಟು ಹಾಡಿಗೂ ಅನ್ವಯಿಸುವುದಿಲ್ಲ ಎಂಬುದಂತೂ ನಿಚ್ಚಳ.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ಅದು ಕಡಿಮೆಯಾಗುವುದಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬರಿಗಾದರೂ ಬರುವ ಸಾಧ್ಯತೆ ಶೇ 43.75, ಮೂವರಲ್ಲಿ ಶೇ 57.8.

ಚಿಕಿತ್ಸೆಯ ಎರಡು ದಾರಿಗಳು ಗರ್ಭದ ಹಿಮೋಗ್ಲೋಬಿನ್ ಅನ್ನು ಮತ್ತೆ ಏರಿಸುವುದನ್ನೇ ನೆಚ್ಚಿವೆ. ಹಳೆಯದು ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ. ಅಮೆರಿಕ ಮತ್ತು ಕೆನಡಾದಲ್ಲಿ 299 ವಯಸ್ಕರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದ ನೋವಿನ ಸರದಿಗಳ ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಅಂಕಿ, 4.5ರ ಜಾಗದಲ್ಲಿ 2.5ಕ್ಕೆ ಇಳಿಯಿತು: ಶೇ 44 ಕಡಿತ. ಹೊಸದು ಕ್ಯಾಸ್‌ಜೆವಿ. ರೋಗಿಯ ಮೂಲಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ವಿಧಾನದಿಂದ ಬಿಸಿಎಲ್11ಎ ಜೀನ್‌ನ ಒಂದು ನಿಯಂತ್ರಕ ಭಾಗವನ್ನು ಕತ್ತರಿಸಿ, ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ಖಾಲಿ ಮಾಡಿ, ಕೋಶಗಳನ್ನು ಮರಳಿ ಸೇರಿಸುತ್ತಾರೆ. ಗರ್ಭದ ಹಿಮೋಗ್ಲೋಬಿನ್ ಶೇ 40ರ ಸುತ್ತ ನಿಲ್ಲುತ್ತದೆ. 2023ರ ಡಿಸೆಂಬರ್ 8ರಂದು ಅಮೆರಿಕದ ಅನುಮೋದನೆ ಸಿಕ್ಕಾಗ ಮುಂದಿದ್ದ ಅಂಕಿ ಇದು: ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ 12 ತಿಂಗಳು ಸತತವಾಗಿ ತೀವ್ರ ನೋವಿನ ಸರದಿ ಬರಲಿಲ್ಲ. ಶೇ 93.5.

ಅನುಮೋದನೆಯ ವೇಳೆ ಕ್ಯಾಸ್‌ಜೆವಿಯ ಅಮೆರಿಕದ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್ ಇತ್ತು. ಆಗಿನ ದರವಾದ ಡಾಲರ್‌ಗೆ 83 ರೂಪಾಯಿಯಂತೆ 18 ಕೋಟಿ ರೂಪಾಯಿ ದಾಟುತ್ತದೆ. ಆಸ್ಪತ್ರೆಯ ಖರ್ಚು ಬೇರೆ. ಹೈಡ್ರಾಕ್ಸಿಯೂರಿಯಾಕ್ಕೆ ದಿನಕ್ಕೆ 100 ರೂಪಾಯಿ ಎಂದು ಹಿಡಿಯೋಣ. ನಿಜದ ಖರ್ಚು ಇದಕ್ಕಿಂತ ಸಾಕಷ್ಟು ಕಡಿಮೆ, ಹೋಲಿಕೆ ಮಾತ್ರೆಯ ಪರ ವಾಲದಿರಲೆಂದು ಹೆಚ್ಚೇ ಇಟ್ಟಿದ್ದೇನೆ. ವರ್ಷಕ್ಕೆ 36,500 ರೂಪಾಯಿ. 18 ಕೋಟಿಯಲ್ಲಿ 4,900 ರೋಗಿಗಳಿಗೆ ಒಂದು ವರ್ಷ ಮಾತ್ರೆ ಕೊಡಬಹುದು.

2.15 ಲಕ್ಷ ರೋಗಿಗಳಿಗೂ ಹೊಸ ಚಿಕಿತ್ಸೆ ಎಂದರೆ 38.7 ಲಕ್ಷ ಕೋಟಿ ರೂಪಾಯಿ. 2025–26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ 50.65 ಲಕ್ಷ ಕೋಟಿ. ಅದರ ಶೇ 76. ಎಲ್ಲರಿಗೂ ಮಾತ್ರೆ ಎಂದರೆ, ಅದೇ 100 ರೂಪಾಯಿ ದರದಲ್ಲಿ, ವರ್ಷಕ್ಕೆ 785 ಕೋಟಿ. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಆ ವರ್ಷ ಸಿಕ್ಕ ಸುಮಾರು 99,859 ಕೋಟಿಯ ಶೇ 0.8. ಮಾತ್ರೆ ರೋಗವನ್ನು ಅಳಿಸುವುದಿಲ್ಲ, ಜೀವಮಾನವಿಡೀ ನುಂಗಬೇಕು, ಆಗಾಗ ರಕ್ತಪರೀಕ್ಷೆ ಬೇಕು, ಗರ್ಭ ಧರಿಸಬೇಕೆಂದಿರುವವರಿಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರೆ. ಇಷ್ಟನ್ನು ಕಳೆದರೂ ವರ್ಷದ 785 ಕೋಟಿಗೂ 38.7 ಲಕ್ಷ ಕೋಟಿಗೂ ನಡುವಿನ ಅಂತರ ಉಳಿಯುತ್ತದೆ.

ಇದಕ್ಕಿಂತ ಅಗ್ಗದ ಒಂದು ಕ್ರಮ ಪೆನಿಸಿಲಿನ್. ರೋಗವಿರುವ ಮಕ್ಕಳ ಗುಲ್ಮ ಬೇಗ ಹಾಳಾಗುವುದರಿಂದ ನ್ಯುಮೊಕಾಕಸ್ ಸೋಂಕು ಅವರನ್ನು ಕೊಲ್ಲಬಲ್ಲದು. 215 ಮಕ್ಕಳ ಮೇಲೆ ನಡೆದ, 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆರಡು ಬಾರಿ ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಈ ಸೋಂಕನ್ನು ಶೇ 84ರಷ್ಟು ತಗ್ಗಿಸಿತು. ಅದನ್ನು ಶುರು ಮಾಡಬೇಕಾದದ್ದು ಮೊದಲ ಎರಡು-ಮೂರು ತಿಂಗಳಲ್ಲಿ, ಅಂದರೆ ಲಕ್ಷಣ ಕಾಣುವ ಮೊದಲೇ. ಶಿಬಿರಗಳಲ್ಲಿ ಬಳಸುವ ಸರಳ ಕರಗುವಿಕೆ ಪರೀಕ್ಷೆ ಆ ವಯಸ್ಸಿನಲ್ಲಿ ಸುಳ್ಳು ಹೇಳುತ್ತದೆ: ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಇನ್ನೂ ಗರ್ಭದ ಬಗೆಯ ಪಾಲು ದೊಡ್ಡದಾಗಿರುವುದರಿಂದ ಕುಡಗೋಲು ಬಗೆ ಅದರ ಹಿಂದೆ ಮರೆಯಾಗುತ್ತದೆ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಆ ಮರೆ ಅಡ್ಡಿಯಲ್ಲ. 6.04 ಕೋಟಿ ಪರೀಕ್ಷೆಗಳ ಮುಂದಿನ ಕಂತಿನಲ್ಲಿ ಕೇಳಬೇಕಾದ ಅಂಕಿ, ಅದರಲ್ಲಿ ಎಷ್ಟು ಮಂದಿ 3 ತಿಂಗಳೊಳಗಿನ ಶಿಶುಗಳು ಎಂಬುದು.